ಎಳೆಯ ಕಣಗಳ ಸಾಕ್ಷಿ

ಮೊದಲು ಕೈಕೊಟ್ಟದ್ದು ನಾಲಿಗೆ. ಕೆಂಪು ಖಾರದ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟದ ರಾಯಚೂರು ಕಡೆಯ ಮನುಷ್ಯ ನಾನು. ಒಂದು ದಿನ ಬರೀ ಮೊಸರನ್ನವೂ ಬಾಯಲ್ಲಿ ಉರಿಯತೊಡಗಿತು. ಕನ್ನಡಿಯಲ್ಲಿ ನೋಡಿಕೊಂಡರೆ ನಾಲಿಗೆ ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ಹಲ್ಲುಜ್ಜುವ ಪೇಸ್ಟ್ ಬದಲಿಸಿದೆ. ಆಮೇಲೆ ಹೈದರಾಬಾದಿನ ಬೇಗಂಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಫೋನ್ ನೋಡುವವನಂತೆ ನಟಿಸುವುದು ಅಭ್ಯಾಸವಾಯಿತು, ಉಸಿರು ಸಾಲುತ್ತಿರಲಿಲ್ಲ. ಜನವರಿಯಲ್ಲಿ ನಾಂಪಲ್ಲಿ ಎಗ್ಜಿಬಿಷನ್‌ಗೆ ಹೋದಾಗ ಬಲಗಾಲಿನ ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲೇ ಇಲ್ಲ.

"ರೀ, ಒಂದೇ ಕಾಲಾಗ ಚಪ್ಪಲಿ ಹಾಕ್ಕೊಂಡು ಎಲ್ಲಿಗ್ರೀ ಸವಾರಿ?" ಎಂದು ಹೆಂಡತಿ ವಿದ್ಯಾ ನಕ್ಕಳು. ನಾನೂ ನಕ್ಕೆ. ಪಾದದಡಿ ಹತ್ತಿ ಹಾಸಿದಂತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ನೆನಪಿನ ವಿಷಯ ಯಾವಾಗ ಶುರುವಾಯಿತು ಎಂದು ಹೇಳಲಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದೇ ಕೆಟ್ಟಿತ್ತಲ್ಲ. ನಾನು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಒಂದು ಬೆಳಿಗ್ಗೆ ಬೋರ್ಡಿನ ತುಂಬ ಸಮೀಕರಣ ಬರೆದು ತಿರುಗಿದರೆ ಹುಡುಗರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಮುಂದಿನ ಬೆಂಚಿನ ಹುಡುಗಿ ತೆಲುಗಿನಲ್ಲಿ, "ಸಾರ್, ಇದಿ ನಿನ್ನನೇ ಚೆಪ್ಪಾರು" ಎಂದಳು. ನಿನ್ನೆಯೇ ಹೇಳಿಕೊಟ್ಟಿದ್ದೆನಂತೆ. ನಾನು ಅದನ್ನು ಪುನರಾವರ್ತನೆ ಎಂದು ಕರೆದು ತಪ್ಪಿಸಿಕೊಂಡೆ.

ಆಸ್ಪತ್ರೆಯ ವರಾಂಡದಲ್ಲಿ ವರದಿಗಾಗಿ ಕಾಯುತ್ತ ಕೂತವರಿಗೆ ಪಕ್ಕದಲ್ಲೊಬ್ಬ ಇದ್ದಾನೆ ಅನ್ನಿಸಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ ಮಾತ್ರ: ಇಲ್ಲಿ ಕೆಲವು ನನ್ನ ನೆನಪಿನವು, ಕೆಲವು ವಿದ್ಯಾ ಮತ್ತು ನನ್ನ ಅಕ್ಕ ಹೇಳಿದವು. ಎರಡೂ ಹೊಂದದ ಕಡೆ ಹಾಗೆಂದೇ ಹೇಳುತ್ತೇನೆ.

ನನ್ನ ಅಕ್ಕ ಗೌರಕ್ಕ ಸನತ್‌ನಗರದಲ್ಲಿರುತ್ತಾಳೆ. ಭಾವ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಆ ಭಾನುವಾರ ಅವಳ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ವಿದ್ಯಾಳ ತಾಯಿಗೆ ಜ್ವರ ಬಂದಿದ್ದರಿಂದ ನಾನೊಬ್ಬನೇ ಹೋದೆ. ನನಗೆ ನೆನಪಿರುವುದು ಹೀಗೆ: ಮೂರನೇ ಮಹಡಿ ಹತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಯಾರೋ ಕುರ್ಚಿ ಕೊಟ್ಟರು. ಅಕ್ಕ ಮಜ್ಜಿಗೆ ತಂದಳು. "ನಮ್ಮ ಗಲ್ಲ್ಯಾಗ ಡಾಕ್ಟರ್ ಅದಾನ, ತಾಕತ್ತಿನ ಸೂಜಿ ಹಾಕ್ತಾನ, ನಡಿ" ಎಂದಳು. "ನೀರಿಗೆ ಬಣ್ಣ ಬೆರಿಸಿ ಚುಚ್ಚತಾರ, ನನಗ ಬ್ಯಾಡ" ಎಂದೆ. ಮಜ್ಜಿಗೆಯಲ್ಲಿ ಕೊತ್ತಂಬರಿ ಇತ್ತು. ಸ್ವಲ್ಪ ಹೊತ್ತು ಮಲಗಿ ಮನೆಗೆ ಬಂದೆ. ಇಷ್ಟೂ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿತ್ತು.

ಮನೆಯ ಬಾಗಿಲು ತೆರೆದ ವಿದ್ಯಾ ನನ್ನ ಮುಖ ನೋಡಿ ನಗಲಿಲ್ಲ. "ಅರಿಶಿಣ ಹಚ್ಚಿದಂಗ ಆಗೇತ್ರೀ" ಎಂದಳು. ಮರುದಿನ ಬೆಳಿಗ್ಗೆ ಚಹಾ ಕೂಡ ಕೊಡದೆ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದಳು.

ವರದಿ ನೋಡಿದ ನಮ್ಮ ಬೀದಿಯ ಡಾಕ್ಟರು ಕನ್ನಡಕ ತೆಗೆದಿಟ್ಟು, ರಕ್ತದ ತಜ್ಞರ ಹತ್ತಿರ ಹೋಗಿ, ತಡಮಾಡಬೇಡಿ ಎಂದರು.

ತಜ್ಞೆ ನನ್ನಷ್ಟೇ ವಯಸ್ಸಿನ ಹೆಂಗಸು, ಮೆಲ್ಲಗೆ ತೆಲುಗಿನಲ್ಲಿ ಮಾತಾಡುವವರು. ನಾನು ಮೇಷ್ಟ್ರು ಎಂದು ತಿಳಿದ ಮೇಲೆ ಬಿಡಿಸಿ ಹೇಳಿದರು. ಕೆಂಪು ಕಣ ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತದೆ. ಎಳೆಯದಿರುವಾಗ ದೊಡ್ಡದು, ಒಳಗೊಂದು ಬೀಜವಿರುತ್ತದೆ. ಬಲಿಯುತ್ತ ಬಲಿಯುತ್ತ ಚಿಕ್ಕದಾಗುತ್ತದೆ, ಕೊನೆಗೆ ಆ ಬೀಜವನ್ನೇ ಹೊರಗೆ ತಳ್ಳಿ ರಕ್ತಕ್ಕೆ ಇಳಿಯುತ್ತದೆ. "ನಿಮ್ಮಲ್ಲಿ ಹುಟ್ಟುತ್ತಿವೆ, ಬಲಿಯುತ್ತಿಲ್ಲ. ಹೆಚ್ಚಿನವು ಒಳಗೇ ಒಡೆದುಹೋಗುತ್ತಿವೆ. ಹೊರಗೆ ಬಂದ ಕೆಲವು ಅರೆಬೆಂದವು, ಬೇಕಾದದ್ದಕ್ಕಿಂತ ದೊಡ್ಡವು. ಬಿಳಿ ಕಣ, ಪ್ಲೇಟ್‌ಲೆಟ್ ಕೂಡ ಇಳಿದಿವೆ."

"ಯಾಕೆ?" ಎಂದೆ.

"ಸಾಮಾನ್ಯವಾಗಿ ಬಿ ಹನ್ನೆರಡು ಅನ್ನುವ ವಿಟಮಿನ್ ಇಲ್ಲದಿದ್ದರೆ ಹೀಗಾಗುತ್ತದೆ. ನಾಲಿಗೆ, ಕಾಲು, ಮರೆವು, ಎಲ್ಲ ಅದಕ್ಕೇ ಹೊಂದುತ್ತವೆ. ಆದರೆ ನಿಮ್ಮ ವರದಿಯಲ್ಲಿ ಅದು ಧಾರಾಳವಾಗಿದೆ." ಅವರು ಕಾಗದವನ್ನು ಮತ್ತೆ ನೋಡಿದರು. "ಇತ್ತೀಚೆಗೆ ವಿಟಮಿನ್ ಮಾತ್ರೆ, ಇಂಜೆಕ್ಷನ್ ಏನಾದರೂ?"

"ಇಲ್ಲ."

ವಿದ್ಯಾ ತೆಲುಗಿನಲ್ಲೇ ಸೇರಿಸಿದಳು: "ಇವರಾ ಮೇಡಂ? ಇಂಜೆಕ್ಷನ್ ಅಂದರೆ ಹಾಕುವವರಿಗೇ ಒಂದು ಗಂಟೆ ಪಾಠ ಮಾಡುತ್ತಾರೆ."

ಡಾಕ್ಟರು ನಗಲಿಲ್ಲ. "ಹಾಗಾದರೆ ಮಜ್ಜೆಯನ್ನೇ ನೋಡಬೇಕು. ಸೋಮವಾರ ಬನ್ನಿ. ಸೊಂಟದ ಎಲುಬಿಗೆ ಸೂಜಿ ಹಾಕಿ ಸ್ವಲ್ಪ ತೆಗೆಯುತ್ತೇವೆ."

"ವಿಟಮಿನ್ ಅಲ್ಲದಿದ್ದರೆ ಇನ್ನೇನಿರಬಹುದು?"

"ನೋಡಿ ಆಮೇಲೆ ಮಾತಾಡೋಣ."

ಓದಿದವನ ಶಾಪ ಏನೆಂದರೆ ಅಷ್ಟಕ್ಕೆ ಅವನು ಸುಮ್ಮನಿರುವುದಿಲ್ಲ. ಮನೆಗೆ ಬಂದು ಹುಡುಕಿದೆ. ಮಜ್ಜೆಯೇ ಕೆಡುವ ರೋಗಗಳಿದ್ದವು. ಅವುಗಳಲ್ಲಿ ಕೆಲವು ಮುಂದೆ ರಕ್ತದ ಕ್ಯಾನ್ಸರ್ ಆಗಿ ತಿರುಗುವಂಥವು. ನನ್ನ ವರದಿಯ ಒಂದೊಂದು ಸಾಲೂ ಅವಕ್ಕೆ ಹೊಂದುತ್ತಿತ್ತು. ವಿದ್ಯಾ ಬಂದು ಫೋನ್ ಕಸಿದುಕೊಂಡಳು. "ನಿಮ್ಮ ಡಾಕ್ಟ್ರು ಫೋನಿನಾಗ ಕುಂತಾರೇನ್ರೀ?" ಎಂದಳು. ಆದರೆ ಆ ಸಂಜೆ ಅವಳ ಫೋನಿನಲ್ಲಿಯೂ ಅದೇ ಪುಟ ತೆರೆದಿರುವುದನ್ನು ನೋಡಿದೆ. ನೋಡಿದ್ದನ್ನು ನಾನು ಹೇಳಲಿಲ್ಲ, ಓದಿದ್ದನ್ನು ಅವಳೂ ಹೇಳಲಿಲ್ಲ. ಕ್ಯಾನ್ಸರ್ ಎಂಬ ಪದ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇ, ಗ್ಯಾಸ್ ಬುಕ್ ಮಾಡಿದೆಯಾ, ಇಂಥವೇ ಮಾತು.

ಅಕ್ಕ ದಿನವೂ ಫೋನ್ ಮಾಡುತ್ತಿದ್ದಳು. "ಊಟ ಆತೇನು?" ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಉಸಿರು ಮಾತ್ರ ಕೇಳಿಸುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ನಾನೇ ಬೇಗ ಇಡುತ್ತಿದ್ದೆ.

ಸೋಮವಾರ ಅಕ್ಕನೂ ಆಸ್ಪತ್ರೆಗೆ ಬಂದಳು. ಕಾಯುವ ಕೋಣೆಯಲ್ಲಿ ಫ್ಯಾನಿನ ಕೆಳಗಿನ ಸಾಲು ಭರ್ತಿ. ನಾವು ಕನ್ನಡ ಮಾತಾಡುವುದು ಕೇಳಿ ಒಬ್ಬ ಹೆಂಗಸು ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು. "ನಮ್ಮ ಕಡಿಯವರೇನ್ರಿ? ನಾವು ಯಾದಗಿರಿಯವ್ರು. ಬಿಲ್ಡಿಂಗ್ ಕೆಲ್ಸಕ್ಕ ಬಂದೀವಿ. ನಮ್ಮ ಮನಿಯವ್ರು ಒಳಗ ಹೋಗ್ಯಾರ. ಕುಂದರ್ರಿ ಸರ, ಇಲ್ಲಿ ಗಾಳಿ ಅದ." ಆ ವಾರದಲ್ಲಿ ನನಗೆ ಸಿಕ್ಕ ಮೊದಲ ನೆಮ್ಮದಿ ಆ ಅರ್ಧ ಕುರ್ಚಿ.

ನರ್ಸ್ ಬಂದು ಹೈದರಾಬಾದಿ ಹಿಂದಿಯಲ್ಲಿ ಒಂದೊಂದೇ ಕೇಳಿದಳು. ಸಕ್ಕರೆ ಕಾಯಿಲೆ? ಇಲ್ಲ. ರಕ್ತ ತೆಳುವಾಗುವ ಮಾತ್ರೆ? ಇಲ್ಲ. "ಸಾಬ್, ಅಭೀ ಅಭೀ ಕೋಯಿ ಸೂಯಿ ಲಿಯೇ ಕ್ಯಾ?" ಇತ್ತೀಚೆಗೆ ಇಂಜೆಕ್ಷನ್? ಇಲ್ಲ ಎಂದೆ. ಒಳಗೆ ಸಿದ್ಧಮಾಡುತ್ತಿದ್ದಾರೆ, ಕರೆಯುತ್ತೇನೆ ಎಂದು ಹೋದಳು.

ಅಕ್ಕ ಎದ್ದು ಬಾಗಿಲವರೆಗೆ ಹೋದಳು, ವಾಪಸು ಬಂದಳು. ನನ್ನ ಮುಂದೆ ನಿಂತಳು.

"ಬಸು, ಆಣಿ ಬಿಟ್ಟೀನಿ ಅನ್ನು."

"ಯಾವ ಆಣಿ?"

"ನೀ ಹಾಕಿದ್ದು. ಬಿಟ್ಟೀನಿ ಅಂತ ಅನ್ನು, ಸಾಕು."

ನಮ್ಮ ಕಡೆ ಒಬ್ಬರು ತಮ್ಮ ಮೇಲೆ ಆಣೆ ಇಟ್ಟು ಒಂದು ಮಾತನ್ನು ಮುಚ್ಚಿಡಲು ಹೇಳಿದರೆ, ಅದನ್ನು ಮುರಿದಾಗ ಕೆಡುಕು ಬರುವುದು ಆಣೆ ಇಟ್ಟವರಿಗೆ. ಇಟ್ಟವರೇ ಬಾಯಿಬಿಟ್ಟು "ಬಿಟ್ಟೆ" ಎನ್ನಬೇಕು. ಚಿಕ್ಕಂದಿನಲ್ಲಿ ಹುಣಸೆಹಣ್ಣು ಕದ್ದಾಗ ನಾವೇ ಆಡಿದ ಆಟ ಅದು. ಅಕ್ಕನಿಗೆ ಅದು ಆಟವಾಗಿ ಉಳಿದಿರಲಿಲ್ಲ.

"ಅಕ್ಕಾ, ನಾ ಯಾವ ಆಣಿನೂ ಹಾಕಿಲ್ಲ. ನನಗ ಅಂಥದ್ರಾಗ ನಂಬಿಕಿ ಇಲ್ಲಂತ ನಿನಗ ಗೊತ್ತೈತಿ."

"ನಿನಗ ಇಲ್ಲ, ನನಗ ಐತಲ್ಲ! ನಿನ್ನ ಜೀವದ ಮ್ಯಾಲಿನ ಆಣಿ ಅದು. ಮೊದಲ ನೀ ಹಿಂಗ ಆಗೀದಿ. ನಾ ಮುರಿದು ನಿನಗೇನರ ಆದ್ರ?"

"ಹಾಕದ ಆಣಿ ಹೆಂಗ ಬಿಡ್ಲಿ? ಈಗ ಇದೆಲ್ಲ ಬೇಕಾ?" ನನ್ನ ದನಿ ಏರಿತು. ನಾಲ್ಕು ಜನ ತಿರುಗಿ ನೋಡಿದರು. ನನ್ನ ಸಿಟ್ಟು ಅಕ್ಕನ ಮೇಲಲ್ಲ, ಒಳಗೆ ಸಿದ್ಧವಾಗುತ್ತಿದ್ದ ಸೂಜಿಯ ಮೇಲೆ ಎಂದು ಈಗ ಅನ್ನಿಸುತ್ತದೆ.

ಯಾದಗಿರಿಯ ಹೆಂಗಸು ಮೆಲ್ಲಗೆ, "ಅಂದ್ಬಿಡ್ರಿ ಸರ. ಬಾಯಿ ಮಾತು, ರೊಕ್ಕ ಹತ್ತಂಗಿಲ್ಲ" ಎಂದಳು.

ವಿದ್ಯಾ ನನ್ನ ತೋಳು ಹಿಡಿದಳು. ಅವಳು ಅಕ್ಕನ ಮುಖವನ್ನೇ ನೋಡುತ್ತಿದ್ದಳು. "ಅನ್ರೀ."

"ವಿದ್ಯಾ, ನಾನು ಹಾಕೇ..."

"ಅನ್ರೀ ಅಂದ್ನಲ್ಲ!"

"ಬಿಟ್ಟೀನಿ" ಎಂದೆ.

"ಮೂರ ಸಲ" ಎಂದಳು ಅಕ್ಕ.

ಮೂರು ಸಲ ಹೇಳಿದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ವಿದ್ಯಾಳ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿದಳು: "ಆವತ್ತು ತೊಟ್ಟಿಲದ ದಿನ ಇವ ಸೂಜಿ ಹಾಕಿಸ್ಕೊಂಡಾನ. ಕೆಂಪನೇದು, ತಾಕತ್ತಿಂದು. ನಮ್ಮ ಗಲ್ಲಿ ಡಾಕ್ಟರ್ ಕಡೆ ನಾನ ಕರಕೊಂಡ್ ಹೋಗಿದ್ದೆ. ಹೊರಗ ಬಂದು ನನ್ನ ಕೈ ಹಿಡದು, ವಿದ್ಯಾಗ ಹೇಳಬ್ಯಾಡ, ನನ್ನ ಆಣಿ ಐತಿ ಅಂದ."

"ಸುಳ್ಳು" ಎಂದೆ ನಾನು.

ಅಕ್ಕ ನನ್ನನ್ನು ನೋಡಿದ ರೀತಿಯನ್ನು ಹೇಗೆ ಬರೆಯಲಿ? ಬೈದಿದ್ದರೆ ಸಹಿಸಬಹುದಿತ್ತು. ಅವಳ ಕಣ್ಣಲ್ಲಿ ಕನಿಕರವಿತ್ತು. "ಎಮ್ಮೆಸ್ಸಿ ಮಾಡಿದಿ, ಒಂದು ಸೂಜಿ ನೆನಪಿಲ್ಲೇನೋ?"

"ನಾ ಬ್ಯಾಡ ಅಂದೆ. ಮಜ್ಜಿಗಿ ಕುಡದೆ, ಮಲಗಿದೆ."

"ಬ್ಯಾಡ ಅಂದಿ, ಖರೆ. ಮಜ್ಜಿಗಿ ಕುಡದಿ, ಅದೂ ಖರೆ. ಅದಾದ ಮ್ಯಾಲಿಂದು ಹೇಳಾಕತ್ತೀನಿ."

ಅಷ್ಟರಲ್ಲಿ ನರ್ಸ್ ನನ್ನ ಹೆಸರು ಕೂಗಿದಳು. ನನಗಿಂತ ಮುಂಚೆ ವಿದ್ಯಾ ಒಳಗೆ ನುಗ್ಗಿದಳು. ಡಾಕ್ಟರು ಕೈಗವಸು ಹಾಕಿಕೊಂಡಿದ್ದರು. ವಿದ್ಯಾ ತೆಲುಗು, ಹಿಂದಿ, ಕನ್ನಡ ಕಲಸಿ ಎಲ್ಲ ಹೇಳಿದಳು. ನಾನು ಹಿಂದೆ ನಿಂತು, "ಮೇಡಂ, ನನಗೆ ಹಾಗೆ ನೆನಪಿಲ್ಲ" ಎಂದೆ.

ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದರು. ಸುಳ್ಳು ಯಾರದು ಎಂದು ಕೇಳಲಿಲ್ಲ. ಕೈಗವಸು ಬಿಚ್ಚಿದರು.

"ಆ ಕೆಂಪು ಇಂಜೆಕ್ಷನ್‌ನಲ್ಲಿ ಇರುವುದೇ ಬಿ ಹನ್ನೆರಡು. ಮರುದಿನ ರಕ್ತ ಕೊಟ್ಟರೆ ವರದಿಯಲ್ಲಿ ಧಾರಾಳವಾಗಿ ಕಾಣುತ್ತದೆ, ಮೈಯಲ್ಲಿ ಅಲ್ಲಿಯವರೆಗೆ ಇಲ್ಲದಿದ್ದರೂ. ನಿಜವಾಗಿ ಹಾಕಿಸಿಕೊಂಡಿದ್ದರೆ, ಕೊರತೆಯೂ ಅದರದೇ ಆಗಿದ್ದರೆ, ಒಂದು ವಾರದಲ್ಲಿ ಮಜ್ಜೆ ಎಚ್ಚರಗೊಂಡಿರುತ್ತದೆ. ಇಷ್ಟು ದಿನ ಸಿಕ್ಕಿಬಿದ್ದ ಕಣಗಳು ಬಲಿತು ಹೊರಡುತ್ತವೆ. ಆಗಷ್ಟೇ ಮಜ್ಜೆಯಿಂದ ಹೊರಬಿದ್ದ ಎಳೆಯ ಕಣಗಳನ್ನು ಬೇರೆಯಾಗಿ ಎಣಿಸಬಹುದು. ಈಗಲೇ ರಕ್ತ ಕೊಡಿ. ಎಳೆಯ ಕಣ ಏರಿದ್ದರೆ ಎಲುಬಿನ ಸೂಜಿ ಬೇಡ. ಏರದಿದ್ದರೆ ಮಧ್ಯಾಹ್ನ ಹಾಕುತ್ತೇನೆ."

ತೋಳಿನಿಂದ ರಕ್ತ ತೆಗೆದರು. ನಾವು ಹೊರಗೆ ಬಂದು ಕೂತೆವು.

ಆ ಕಾಯುವಿಕೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಅಂಥ ಇಕ್ಕಟ್ಟನ್ನು ನಾನು ಮೊದಲೂ ಆಮೇಲೂ ಕಂಡಿಲ್ಲ. ನನ್ನ ನೆನಪು ಸರಿಯಾಗಿದ್ದರೆ ನನ್ನ ಮಜ್ಜೆ ಕೆಟ್ಟಿದೆ. ಮಜ್ಜೆ ಸರಿಯಾಗಿದ್ದರೆ ನೆನಪು ಕೆಟ್ಟಿದೆ. ಎರಡೂ ನನ್ನವೇ, ಎರಡನ್ನೂ ಉಳಿಸಿಕೊಳ್ಳುವ ದಾರಿ ಇಲ್ಲ. ಇಪ್ಪತ್ತು ವರ್ಷ ಹುಡುಗರಿಗೆ, ಅಳತೆ ಮಾಡದೆ ಏನನ್ನೂ ನಂಬಬೇಡಿ ಎಂದು ಹೇಳಿದವನು ಈಗ ನಾನು ತಪ್ಪಿರಲಿ, ಅಕ್ಕ ಹೇಳಿದ್ದೇ ನಿಜವಾಗಿರಲಿ ಎಂದು ಹಲ್ಲು ಕಚ್ಚಿ ಕೂತಿದ್ದೆ. ಶೌಚಾಲಯಕ್ಕೆ ಹೋಗಿ ಸೊಂಟ ತಿರುಗಿಸಿ ಸೂಜಿಯ ಗುರುತು ಹುಡುಕಿದೆ. ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಆ ಗಲ್ಲಿಯನ್ನು ನೆನೆಯಲು ನೋಡಿದೆ: ಔಷಧದ ವಾಸನೆ, ಹಸಿರು ಪರದೆ, ಸ್ಪಿರಿಟ್ಟಿನ ತಂಪು. ಎಲ್ಲ ಬಂತು. ಆದರೆ ಅದು ನೆನಪೋ, ಬೇಕೆಂದು ನಾನೇ ಕಟ್ಟಿಕೊಂಡದ್ದೋ? ಹಸಿರು ಪರದೆ ಎದುರಿಗೇ, ಆಸ್ಪತ್ರೆಯ ಬಾಗಿಲಿಗೇ ಇತ್ತು.

"ಅಲ್ಲಿ ಪರದೆ ಯಾವ ಬಣ್ಣದ್ದಿತ್ತು?" ಎಂದು ಅಕ್ಕನನ್ನು ಕೇಳಿದೆ.

"ಪರದಿ ಇರಲಿಲ್ಲೋ. ಬಾಗಲಾ ಹಾಕಿದ್ರು."

ವಿದ್ಯಾ ಅಕ್ಕನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಯಾದಗಿರಿಯ ಹೆಂಗಸು ಗಂಟಿನಿಂದ ಹುರಿದ ಶೇಂಗಾ ತೆಗೆದು ಮೂವರಿಗೂ ಕೊಟ್ಟಳು. ನನ್ನ ನಾಲಿಗೆಗೆ ಅದು ಮುಳ್ಳಿನಂತೆ ಚುಚ್ಚಿತು, ಆದರೂ ತಿಂದೆ. ಅವಳ ಗಂಡ ಗೋಡೆ ಹಿಡಿದು ಹೊರಬಂದ. ಅವಳು ಎದ್ದು ಅವನ ಸೊಂಟಕ್ಕೆ ಕೈಹಾಕಿ, "ಬರ್ತೀವ್ರಿ ಅಕ್ಕಾ. ಚಲೋ ಆಗ್ತದ ತಗೋರಿ" ಎಂದು ಹೋದಳು. ಅವಳ ಗಂಡನಿಗೆ ಏನಾಗಿತ್ತು ಎಂದು ನಾವು ಕೇಳಿರಲಿಲ್ಲ.

ಡಾಕ್ಟರು ನರ್ಸನ್ನು ಕಳಿಸಲಿಲ್ಲ, ತಾವೇ ಬಂದರು. ಅವರ ಮುಖ ಓದಲು ನೋಡಿದೆ, ಆಗಲಿಲ್ಲ. ಅವರು ನನ್ನ ಕಡೆ ಬರದೆ ನೇರ ಅಕ್ಕನ ಮುಂದೆ ನಿಂತು, ಅಕ್ಕನಿಗೆ ಅರ್ಥವಾಗಲಿ ಎಂದು ಹಿಂದಿಯಲ್ಲಿ ಹೇಳಿದರು: "ಅಮ್ಮಾ, ನೀವು ಹೇಳಿದ್ದು ನಿಜ. ರಕ್ತದ ತುಂಬ ಎಳೆಯ ಕಣಗಳೇ."

ವಿದ್ಯಾ ನನ್ನ ಭುಜಕ್ಕೆ ಒಂದು ಏಟು ಹಾಕಿದಳು. ಜೋರಾಗಿಯೇ. ಆಮೇಲೆ ಅಲ್ಲಿಯೇ, ಅಷ್ಟು ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತಳು. ನಾನು ಅಳಲಿಲ್ಲ. ನನಗೆ ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಆದರೆ ಅದರ ಜೊತೆಗೇ, ಕಾಲಿಟ್ಟ ಮೆಟ್ಟಿಲು ಅಲ್ಲಿ ಇಲ್ಲದಿದ್ದಾಗ ಆಗುತ್ತದಲ್ಲ, ಅಂಥದೊಂದು ಧಸಕ್ಕೆಂಬ ಭಾವ.

ಎಲುಬಿನ ಸೂಜಿ ರದ್ದಾಯಿತು. ಮುಂದೆ ಇನ್ನೊಂದು ಪರೀಕ್ಷೆಯಲ್ಲಿ, ನನ್ನ ಹೊಟ್ಟೆಗೆ ಆ ವಿಟಮಿನ್ನನ್ನು ಹೀರಿಕೊಳ್ಳುವ ಶಕ್ತಿಯೇ ಹೋಗಿದೆ ಎಂದು ತಿಳಿಯಿತು. ತಿಂದರೂ ಪ್ರಯೋಜನವಿಲ್ಲ, ಬದುಕಿರುವವರೆಗೆ ಇಂಜೆಕ್ಷನ್. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ನಾಲಿಗೆ ಬೇಗ ಗುಣವಾಯಿತು. ಉಸಿರು ಬಂತು. ಪಾದ ಪೂರ್ತಿ ಬಂದಿಲ್ಲ. ಎಡಗಾಲಿನ ಎರಡು ಬೆರಳು ಇನ್ನೂ ಬೇರೆ ಯಾರದೋ ಇದ್ದಂತಿವೆ. ತಡ ಮಾಡಿದರೆ ನರಗಳು ಹೀಗೇ ಉಳಿದುಬಿಡುತ್ತವಂತೆ. ಪಾದದಡಿ ಹತ್ತಿ ಹಾಸಿದಂತೆ ಇದ್ದರೆ ಯಾರಿಗಾದರೂ ಹೇಳಿ. ನಾನು ಕೊಡಬಲ್ಲ ಸಲಹೆ ಅದೊಂದೇ.

ಮರೆವು ಬಹುಪಾಲು ಹೋಗಿದೆ. ಪಾಠ ಮಾಡುತ್ತಿದ್ದೇನೆ. ಆ ಭಾನುವಾರ ಮಾತ್ರ ಬರಲಿಲ್ಲ. ಇವತ್ತಿಗೂ ನನ್ನ ತಲೆಯಲ್ಲಿ ನಾನು ಇಂಜೆಕ್ಷನ್ ಬೇಡವೆಂದು ಹೇಳಿ, ಮಲಗಿ, ಮನೆಗೆ ಬರುತ್ತೇನೆ. ಅದು ಸುಳ್ಳೆಂದು ಗೊತ್ತಿದ್ದೂ ಅದೇ ಕಾಣುತ್ತದೆ.

ಕೆಲವು ತಿಂಗಳಾದ ಮೇಲೆ ಅಕ್ಕನ ಮನೆಗೆ ಹೋಗಿದ್ದೆ. ಮಗು ತೆವಳುತ್ತಿತ್ತು. ಅಕ್ಕ ಮೆಂತ್ಯ ಸೋಸುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಕೇಳಿದೆ: "ಅಕ್ಕಾ, ಆವತ್ತು ನಾ ಯಾಕ ಒಪ್ಪಿದೆ? ಸೂಜಿ ಅಂದ್ರ ಬೈಯ್ಯಾಂವ ನಾನು."

ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಬ್ಯಾಡ ಬಿಡು."

"ಆಣಿ ಬಿಟ್ಟೀನಲ್ಲ."

ಅಕ್ಕ ಮೆಂತ್ಯದ ಕಟ್ಟನ್ನು ಪಕ್ಕಕ್ಕೆ ಇಟ್ಟಳು. "ಮಜ್ಜಿಗಿ ಕುಡದು ಮಕ್ಕೊಂಡಿದ್ದಿ. ಎದ್ದು ನನ್ನ ಹೆಸರು ಕೇಳಿದಿ."

"ಏನ್ ಕೇಳ್ದೆ?"

"ನನ್ನ ಹೆಸರು. ನೀ ನಮ್ಮ ಅಕ್ಕ ಅಂತ ಗೊತ್ತೈತಿ, ಹೆಸರು ಬರವಲ್ದು ಅಂದಿ. ಗೌರಿ ಅಂದೆ. ಆಮ್ಯಾಲೆ ಭಾಳ ಅತ್ತಿ. ಎಲ್ಲಾ ಹೊಂಟೈತಿ ಅಕ್ಕಾ, ಭಾಳ ದಿನದಿಂದ ಹೊಂಟೈತಿ, ಏನರ ಮಾಡು ಅಂದಿ. ನನಗೇನು ಗೊತ್ತಾಗ್ತೈತಿ? ಗಲ್ಲಿ ಡಾಕ್ಟರ್ ಕಡೆ ಕರಕೊಂಡ್ ಹೋದೆ. ನೀ ಮುಚ್ಚಾಕ ಹೇಳಿದ್ದು ಸೂಜಿ ಅಲ್ಲೋ, ಹೆಸರು ಮರತಿದ್ದು."

ಮಗು ಬಂದು ಮೆಂತ್ಯದ ಕಟ್ಟು ಎಳೆಯಿತು. ಅಕ್ಕ ಅದರ ಕೈಯಿಂದ ಕಟ್ಟನ್ನು ಬಿಡಿಸಿಕೊಂಡಳು.

ಸಂಜೆ ಮನೆಗೆ ಬಂದು ವಿದ್ಯಾಳನ್ನು ಅಡುಗೆಮನೆಯಿಂದ ಕರೆದು ಕೂರಿಸಿದೆ. "ಏನ್ರೀ, ಮತ್ತೇನಾತು?" ಎಂದಳು, ಗಾಬರಿಯಿಂದ. ಏನೂ ಆಗಿಲ್ಲ ಎಂದೆ. ಆಮೇಲೆ ಅಕ್ಕನ ಹೆಸರು ಮರೆತದ್ದರಿಂದ ಶುರುಮಾಡಿ, ನನಗೆ ನೆನಪಿಲ್ಲದ ಆ ಭಾನುವಾರವನ್ನು ಒಂದೂ ಬಿಡದೆ ಅವಳಿಗೆ ನಾನೇ ಹೇಳಿದೆ.